ಮನೆ ಯಾರ ಹೆಸರಿನಲ್ಲಿದೆ?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಇವತ್ತಿನ ಕೂಲಿ ಬಿಟ್ಟು, ಎರಡು ಬಸ್ಸು ಬದಲಾಯಿಸಿ ಬಂದವರೂ ಇಲ್ಲಿದ್ದೀರಿ. ಹಾಗಾಗಿ ಪೀಠಿಕೆ ಬೇಡ. "ಸಿಸ್ಟರ್, ಸರ್ಕಾರದ ಮನೆ ಸಿಗೋದು ಹೇಗೆ?" ಅಂತ ನೀವು ಪ್ರತಿ ಸಭೆಯಲ್ಲೂ ಕೇಳುತ್ತೀರಿ. ಅದನ್ನು ಹೇಳುತ್ತೇನೆ. ಅದಕ್ಕೂ ಮೊದಲು ನನ್ನದೊಂದು ಪ್ರಶ್ನೆ. ಈಗ ನೀವಿರುವ ಮನೆ ಯಾರ ಹೆಸರಿನಲ್ಲಿದೆ? ಗಂಡನದೋ, ಮಾವನದೋ, ತೀರಿಹೋದ ಅಜ್ಜನದೋ? ಗೊತ್ತಿಲ್ಲದವರು ಕೈ ಎತ್ತಿ. ನೋಡಿ, ಎಷ್ಟು ಕೈಗಳು!

ಮನೆಯಿಲ್ಲದವರು ಅಂದರೆ ಬಸ್‌ಸ್ಟ್ಯಾಂಡಿನಲ್ಲಿ, ಸೇತುವೆ ಕೆಳಗೆ ಮಲಗುವವರು ಅಂತ ನಾವು ತಿಳಿದಿದ್ದೇವೆ. 2011ರ ಜನಗಣತಿಯಲ್ಲಿ ಅಂಥವರು ದೇಶದಲ್ಲಿ ಸುಮಾರು 17.7 ಲಕ್ಷ ಜನ ಸಿಕ್ಕಿದರು. ಆದರೆ ಗಂಡ ಹೊರಗೆ ಹಾಕಿದ ಮೇಲೆ ತವರಿನ ಪಡಸಾಲೆಯಲ್ಲಿ ಮಕ್ಕಳ ಜೊತೆ ಚಾಪೆ ಹಾಸಿಕೊಂಡವಳು ಆ ಲೆಕ್ಕದಲ್ಲಿಲ್ಲ. ಮೂರು ತಿಂಗಳು ದೊಡ್ಡ ಮಗನ ಮನೆ, ಮೂರು ತಿಂಗಳು ಸಣ್ಣವನ ಮನೆ ಅಂತ ಚೀಲ ಹಿಡಿದು ಓಡಾಡುವ ಅಜ್ಜಿಯೂ ಇಲ್ಲ. ಮೂವತ್ತು ವರ್ಷ ಈ ಕೆಲಸದಲ್ಲಿ ನಾನು ಕಂಡದ್ದು ಇಷ್ಟು: ಹೆಣ್ಣು ಬೀದಿಗೆ ಬೀಳುವುದು ಒಂದು ದಿನ, ಕಾಗದದಲ್ಲಿ ಅವಳು ಮನೆ ಕಳಕೊಂಡಿರುವುದು ಎಷ್ಟೋ ವರ್ಷ ಮೊದಲು.

ಈಗ ಸರ್ಕಾರದ ಮನೆ ವಿಷಯಕ್ಕೆ ಬರೋಣ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು 2000ರಲ್ಲಿ ಶುರುವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಬಸವ ವಸತಿ ಯೋಜನೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆ, ವಿಧವೆಯರು, ಅಂಗವಿಕಲರು ಮೊದಲಾದವರಿಗೆ ದೇವರಾಜ ಅರಸು ವಸತಿ ಯೋಜನೆ ಇವೆಲ್ಲ ಅದರ ಮೂಲಕವೇ ಬರುತ್ತವೆ. ಹಳೆಯ ಇಂದಿರಾ ಆವಾಸ್ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಆಯಿತು. ಅದರಲ್ಲಿ ಬಯಲು ಸೀಮೆಯ ಒಂದು ಮನೆಗೆ 1.20 ಲಕ್ಷ ರೂಪಾಯಿ ಅಂತ ನಿಗದಿ. ಪಟ್ಟಣದವರಿಗೆ ಬೇರೆ ಆವಾಸ್ ಯೋಜನೆ ಇದೆ, ಅದರ ಎರಡನೇ ಹಂತ 2024ರಲ್ಲಿ ಶುರುವಾಗಿದೆ. ಅವರು ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ವಿಚಾರಿಸಬೇಕು.

ಈ ಮನೆಗಳು ಹೆಚ್ಚಾಗಿ ಮನೆಯ ಹೆಣ್ಣುಮಗಳ ಹೆಸರಿಗೆ, ಇಲ್ಲವೇ ಗಂಡ-ಹೆಂಡತಿ ಇಬ್ಬರ ಹೆಸರಿಗೆ ಬರುತ್ತವೆ. ಆದರೆ ಎಷ್ಟೋ ಮನೆಗಳಲ್ಲಿ ಹೆಂಡತಿಯ ಹೆಸರು ಇರುತ್ತದೆ, ಕಾಗದ ಇರುವುದು ಗಂಡನ ಟ್ರಂಕಿನಲ್ಲಿ. ಅವಳು ಅದನ್ನು ಕಣ್ಣಲ್ಲೂ ನೋಡಿರುವುದಿಲ್ಲ. ನಿಮ್ಮ ಹೆಸರಿನ ಕಾಗದದ ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇರಲಿ. ಸಂಘದ ಕಡತದಲ್ಲೂ ಒಂದು ಇಡಿ.

ಫಲಾನುಭವಿಗಳ ಆಯ್ಕೆ ಆಗಬೇಕಾದದ್ದು ಗ್ರಾಮಸಭೆಯಲ್ಲಿ. ಆ ದಿನ ನಾವು ಎಲ್ಲಿರುತ್ತೇವೆ? ಕಳೆ ಕೀಳುತ್ತಿರುತ್ತೇವೆ. ಸಂಜೆ "ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ" ಅಂತ ಅಳುತ್ತೇವೆ. ವಾರ್ಡ್ ಸಭೆಗೆ, ಗ್ರಾಮಸಭೆಗೆ ಸಂಘದ ಹತ್ತು ಹದಿನೈದು ಜನ ಒಟ್ಟಿಗೆ ಹೋಗಿ ಕೂತರೆ ಪಟ್ಟಿ ಓದುವವರ ದನಿಯೇ ಬೇರೆಯಾಗುತ್ತದೆ, ನಾನು ನೋಡಿದ್ದೇನೆ. ನಿಮ್ಮ ಬೀದಿಯಲ್ಲಿ ಎಲ್ಲರಿಗಿಂತ ಕಷ್ಟದಲ್ಲಿರುವವಳು ಯಾರು ಅಂತ ಸಂಘದಲ್ಲಿ ಮೊದಲೇ ಮಾತಾಡಿಕೊಂಡು ಅವಳ ಹೆಸರು ಹೇಳಿ. ಅವಳು ಸಂಘದ ಸದಸ್ಯೆ ಅಲ್ಲದಿದ್ದರೂ ಹೇಳಿ.

ಪಟ್ಟಿಯಲ್ಲಿ ಹೆಸರು ಬಂತು ಅಂತಿಟ್ಟುಕೊಳ್ಳಿ. ನಿಜವಾದ ಕಷ್ಟ ಅಲ್ಲಿಂದ ಶುರು. ಖುಷಿಯಲ್ಲಿ ಹಳೆ ಮನೆ ಕೆಡವಿಬಿಡುತ್ತಾರೆ. ಆದೇಶ ಬಂದಿರುವುದಿಲ್ಲ, ಮಳೆಗಾಲ ಬರುತ್ತದೆ, ಸಂಸಾರ ಟಾರ್ಪಾಲಿನ ಕೆಳಗೆ. ದಯವಿಟ್ಟು ಕೇಳಿ, ಕಾಮಗಾರಿ ಆದೇಶ ಕೈಗೆ ಬರದೆ ಒಂದು ಹೆಂಚನ್ನೂ ತೆಗೆಯಬೇಡಿ. ಹಣ ಒಂದೇ ಸಲಕ್ಕೆ ಬರುವುದೂ ಇಲ್ಲ. ತಳಪಾಯ, ಗೋಡೆ, ಛಾವಣಿ, ಮುಕ್ತಾಯ ಅಂತ ಹಂತ ಹಂತವಾಗಿ, ಪಂಚಾಯಿತಿಯವರು ಬಂದು ಜಿಪಿಎಸ್ ಫೋಟೋ ತೆಗೆದ ಮೇಲೆ ಖಾತೆಗೆ ಬರುತ್ತದೆ. ಅಂದರೆ ತಳಪಾಯದ ಕಲ್ಲು, ಸಿಮೆಂಟು, ಮೇಸ್ತ್ರಿ ಕೂಲಿ ಮೊದಲು ನಿಮ್ಮ ಕೈಯಿಂದಲೇ ಹೋಗಬೇಕು. ಇಲ್ಲೇ ಜನ ಮೀಟರ್ ಬಡ್ಡಿಗೆ ಬೀಳುವುದು. ಗೋಡೆ ಎದೆಮಟ್ಟಕ್ಕೆ ಬಂದು ನಿಂತು, ಒಳಗೆ ಎಕ್ಕದ ಗಿಡ ಬೆಳೆದ ಎಷ್ಟು ಮನೆಗಳು ನಮ್ಮ ಹಳ್ಳಿಗಳಲ್ಲಿವೆ, ಎಣಿಸಿ ನೋಡಿ.

ತಳಪಾಯದ ಖರ್ಚಿಗೆ ಸಂಘದ ಸಾಲ ಕೊಡಿ, ಮೊದಲ ಕಂತು ಬಂದಾಗ ವಾಪಸ್ ಕಟ್ಟಿಸಿಕೊಳ್ಳಿ. ನಮ್ಮ ಉಳಿತಾಯಕ್ಕೆ ಇದಕ್ಕಿಂತ ಒಳ್ಳೆ ಉಪಯೋಗ ನನಗೆ ಕಾಣುವುದಿಲ್ಲ. ಮನೆ ಸಣ್ಣದೇ ಇರಲಿ. ಆವಾಸ್ ಯೋಜನೆ ಕೇಳುವುದು ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ಪಕ್ಕದ ಮನೆಯವರ ಸಿಟ್‌ಔಟ್ ನೋಡಿ ನಕ್ಷೆ ಬದಲಿಸಿದರೆ ಆ ಸಿಟ್‌ಔಟಿನ ಸಾಲ ತೀರುವುದು ಮಗಳ ಮದುವೆ ಹೊತ್ತಿಗೆ!

ಸಾಲಕ್ಕೆ ಹೆದರಿ ಇದ್ದ ಮನೆ ಬಿಟ್ಟುಹೋದವರೂ ಇದ್ದಾರೆ. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳ ವಸೂಲಿ ಕಾಟಕ್ಕೆ ರಾಜ್ಯದ ಹಲವು ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟದ್ದು ನಿಮಗೆಲ್ಲ ನೆನಪಿದೆ. ಆ ವರ್ಷವೇ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ ಕಾನೂನು ತಂದಿತು. ಬೆದರಿಸಿ, ಮನೆ ಮುಂದೆ ಕೂತು ಅವಮಾನ ಮಾಡಿ ವಸೂಲಿ ಮಾಡುವುದು ಅಪರಾಧ. ಹತ್ತು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಸಾಲ ತೀರಿಸಲೇಬೇಕು, ಆದರೆ ಅದಕ್ಕಾಗಿ ಊರು ಬಿಡಬೇಕಿಲ್ಲ. ಸಂಘದವರು ಜೊತೆಗೆ ಹೋಗಿ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ.

ಜಾಗವೇ ಇಲ್ಲದವರು ನಿವೇಶನಕ್ಕೆ ಪಂಚಾಯಿತಿಯಲ್ಲಿ ಅರ್ಜಿ ಕೊಡಬೇಕು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು 94ಸಿ ಅಥವಾ 94ಸಿಸಿ ಅರ್ಜಿ ಹಾಕಿದವರು ತಾಲೂಕು ಕಚೇರಿಯಲ್ಲಿ ಅದು ಏನಾಯಿತು ಅಂತ ಕೇಳಿ. ತಾಂಡಾ, ಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ನಡೆಯುತ್ತಾ ಬಂದಿದೆ. 2025ರ ಮೇ 20ರಂದು ಹೊಸಪೇಟೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಕ್ಕುಪತ್ರ ಕೊಟ್ಟರು. "ಕಂದಾಯ ಕಟ್ಟಿದ ರಶೀದಿ ಇದೆಯಲ್ಲ ಸಿಸ್ಟರ್" ಅಂತೀರಿ. ರಶೀದಿ ಬೇರೆ, ಹಕ್ಕುಪತ್ರ ಬೇರೆ.

ಇನ್ನು, ಮನೆ ಇದ್ದೂ ಹೊರಗೆ ಬಿದ್ದವರ ವಿಷಯ. ಗಂಡ ಹೊಡೆದು ಹೊರಗೆ ದಬ್ಬಿ "ಮನೆ ನನ್ನಪ್ಪಂದು, ನಿನಗೇನು ಹಕ್ಕು" ಅನ್ನುತ್ತಾನೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅವಳು ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಆ ಮನೆ ಅತ್ತೆ-ಮಾವನ ಹೆಸರಿನಲ್ಲಿದ್ದರೂ ಈ ಹಕ್ಕು ಇರಬಲ್ಲದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ವಾಸದ ಹಕ್ಕು, ಒಡೆತನ ಅಲ್ಲ, ನೆನಪಿರಲಿ. ಅದೇ ರಾತ್ರಿ ತಲೆಮರೆಗೆ ಜಾಗ ಬೇಕಾದರೆ 181ಕ್ಕೆ ಫೋನ್ ಮಾಡಿ. ಜಿಲ್ಲೆಯ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ಇರಬಹುದು, ಆಮೇಲೆ ಶಕ್ತಿ ಸದನಕ್ಕೆ ಕಳಿಸುತ್ತಾರೆ. ಆ ನಂಬರನ್ನು ಮೊಬೈಲಿನಲ್ಲಿ ಬೇರೆ ಯಾವುದಾದರೂ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಿ. ಯಾಕೆ ಅಂತ ನಿಮಗೇ ಗೊತ್ತು.

ಕಡೆಯದಾಗಿ ಹಿರಿಯ ತಾಯಂದಿರಿಗೆ ಒಂದು ಮಾತು. ಅಜ್ಜಿಯೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಪಿಂಚಣಿ ಕಾಗದ ಅಂತ ಹೇಳಿ ಮಗ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ನೋಡಿದರೆ ಅದು ದಾನಪತ್ರ. ಆ ಅಜ್ಜಿಗೆ ಸಿಟ್ಟು ಬಂದದ್ದು ಮನೆ ಹೋಯಿತು ಅಂತ ಅಲ್ಲ. "ಕೇಳಿದ್ದರೆ ನಾನೇ ಕೊಡ್ತಿದ್ದೆನಲ್ಲಮ್ಮ" ಅಂದರು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪಡೆದವರು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗೆ, ಅಂದರೆ ಎ.ಸಿ. ಸಾಹೇಬರಿಗೆ. ಆದರೆ ಆ ಷರತ್ತು ಪತ್ರದಲ್ಲಿ ಬರೆದಿರದಿದ್ದರೆ ಕೇಸು ಗೆಲ್ಲುವುದು ಕಷ್ಟ. ಹಾಗಾಗಿ ಮಕ್ಕಳಿಗೆ ಬರೆದುಕೊಡುವುದೇ ಆದರೆ "ನನ್ನನ್ನು ಕೊನೆವರೆಗೂ ಈ ಮನೆಯಲ್ಲೇ ಇಟ್ಟುಕೊಂಡು ಅನ್ನ, ಔಷಧಿ ನೋಡಿಕೊಳ್ಳಬೇಕು" ಅಂತ ಬರೆಸಿ, ಗಟ್ಟಿಯಾಗಿ ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟು.

ಮುಂದಿನ ತಿಂಗಳ ಸಭೆಗೆ ಪಾಸ್‌ಬುಕ್ ಜೊತೆ ಮನೆಯ ಕಾಗದ ಏನಿದೆಯೋ ಅದರ ಜೆರಾಕ್ಸ್ ತನ್ನಿ. ಹರಿದಿದ್ದರೂ ಪರವಾಗಿಲ್ಲ, ಏನೂ ಇಲ್ಲದವರು ಬರಿಗೈಯಲ್ಲೇ ಬನ್ನಿ. ಓದು ಬರುವವರು ಓದು ಬಾರದವರ ಪಕ್ಕ ಕೂರಬೇಕು. ಕನ್ನಡಕ ಮರೆಯಬೇಡಿ.