ಕಾಗದದಲ್ಲಿ ಬಿಟ್ಟುಹೋದ ಪದಕ



ನಮ್ಮ ವಾಚನಾಲಯಕ್ಕೆ ಬರುವ ಮಾಜಿ ಸೈನಿಕರೊಬ್ಬರು ಮೊನ್ನೆ ತಮ್ಮ ಡಿಸ್ಚಾರ್ಜ್ ಪುಸ್ತಕವನ್ನು ನನ್ನ ಮುಂದಿಟ್ಟರು. 1971ರ ಡಿಸೆಂಬರಿನಲ್ಲಿ ಪೂರ್ವರಂಗದಲ್ಲಿ ಕಾದಿದವರು. ಪುಸ್ತಕದಲ್ಲಿ ಸಂಗ್ರಾಮ ಪದಕವೇನೋ ಇದೆ. ಪೂರ್ವರಂಗದವರಿಗೆ ಸಲ್ಲುವ ಪೂರ್ವೀ ಸ್ಟಾರ್ ಇಲ್ಲ! “ಬಿಲ್ಲೆಯ ಆಸೆಯಲ್ಲ ತಮ್ಮಾ, ನಾನು ಅಲ್ಲಿ ಇರಲೇ ಇಲ್ಲ ಅನ್ನುತ್ತೆ ಈ ಕಾಗದ” ಎಂದರು.

ನಾನೂ ಲೆಡ್ಜರ್ ಬರೆಯುವವನೇ. ಒಂದು ಸಾಲು ಬಿಟ್ಟುಹೋಗುವುದು ಎಷ್ಟು ಸುಲಭವೆಂದು ಬಲ್ಲೆ. ಸೈನ್ಯದಲ್ಲಿ ಪದಕದ ವಿಷಯ ದಳದ ‘ಪಾರ್ಟ್ ಟೂ ಆರ್ಡರ್’ನಲ್ಲಿ ಪ್ರಕಟವಾಗಿ ರೆಕಾರ್ಡ್ ಆಫೀಸಿನ ಕಡತಕ್ಕೆ ಏರಬೇಕು. ಆದ್ದರಿಂದ ದಿಲ್ಲಿಗೆ ಬರೆದು ಕಾಯಬೇಡಿ. ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೇ ಬರೆಯಿರಿ. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿದೆ, ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿ. ಮೊದಲು ಸೈನಿಕ ನಂಬರು ಬರೆಯಿರಿ, ಹೆಸರಿನ ಕಾಗುಣಿತ ಹತ್ತು ಬಗೆಯಾಗಿರುತ್ತದೆ. ಜೆ.ಸಿ.ಓ. ಆಗಿ ನಂಬರು ಬದಲಾದವರು ಹಳೆಯದನ್ನೂ ಸೇರಿಸಲಿ. ಯಾವ ದಳ, ಯಾವ ಊರು, ಯಾವ ತಿಂಗಳು, ಇಷ್ಟು ಸಾಕು; ಶೌರ್ಯದ ಕಥೆ ಬೇಡ. ಅಸಲು ಪುಸ್ತಕವನ್ನು ಮಾತ್ರ ದಯವಿಟ್ಟು ಅಂಚೆಗೆ ಹಾಕಬೇಡಿ, ನಕಲು ಕಳಿಸಿ. ಬರೆಯಲಾಗದವರು ಸಂಜೆ ಬನ್ನಿ, ಬರೆದುಕೊಡುತ್ತೇನೆ.

ಆ ಹಿರಿಯರ ಅರ್ಜಿ ಸೋಮವಾರ ಹೋಯಿತು. ಅಂಚೆಯ ರಸೀದಿಯನ್ನು ಅವರು ಡಿಸ್ಚಾರ್ಜ್ ಪುಸ್ತಕದೊಳಗೇ ಇಟ್ಟುಕೊಂಡಿದ್ದಾರೆ.