ಸೈಕಲ್ಲಿನ ಜಮಾ-ಖರ್ಚು

(ಪುಣೆಯ ಕನ್ನಡ ಬಂಧುಗಳ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವುದು ರೂಢಿ. ನಾವಾದರೋ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತರಾಗಿರುವವರು. "ನಿಮಗೆ ತಿಳಿದುದನ್ನೇ ಹೇಳಿರಿ" ಎಂದು ಕಾರ್ಯದರ್ಶಿಗಳು ಧೈರ್ಯ ಕೊಟ್ಟರು. ನಮಗೆ ತಿಳಿದಿರುವುದು ಎರಡೇ: ಒಂದು ಜಮಾ-ಖರ್ಚು, ಇನ್ನೊಂದು ಸೈಕಲ್ಲು. ಪುಣೆಯು ಹಿಂದೆ ಸೈಕಲ್ಲುಗಳ ಊರೆಂದೇ ಹೆಸರಾಗಿತ್ತು. ಆ ಬಿರುದು ಈಗ ಮಾಸಿದ್ದರೂ ನಾವು ಇಂದಿಗೂ ಬ್ಯಾಂಕಿಗೆ ಸೈಕಲ್ಲಿನ ಮೇಲೆಯೇ ಹೋಗುತ್ತೇವೆ.

ಆದರೆ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಬೇರೊಂದು ಕಾರಣವುಂಟು. 2022ರ ಮಳೆಗಾಲದಲ್ಲಿ ವಿಜಾಪುರದ ಕಡೆಯ ಹಿರಿಯರೊಬ್ಬರು ನಮ್ಮ ಕೌಂಟರಿಗೆ ಬಂದರು. ಕಾರಖಾನೆಯಲ್ಲಿ ಬಾಳೆಲ್ಲ ದುಡಿದು ನಿವೃತ್ತರಾದವರು.

"ತಮ್ಮಾ, ಈ ಠೇವಣಿ ಮುರಿಬೇಕಾಗೇದ."

"ಯಾಕ್ರೀ ಕಾಕಾ, ಮನಿಯೊಳಗ ಏನರ ಅಡಚಣಿ ಬಂತೇನು?"

"ಅಡಚಣಿ ಅಲ್ಲೋ, ಗಳಿಕಿ!"

ಒಬ್ಬಾತ ಹೊಸ ಬಗೆಯ ಮೋಟಾರು ಸೈಕಲ್ಲು ತಂದಿದ್ದನಂತೆ. ಬ್ಯಾಟರಿಯಿಂದ ಮೋಟಾರು, ಮೋಟಾರಿನಿಂದ ಗಾಲಿ, ಗಾಲಿಗೆ ತಗುಲಿಸಿದ ಡೈನಮೋದಿಂದ ಮತ್ತೆ ಬ್ಯಾಟರಿ! ಒಮ್ಮೆ ತುಂಬಿಸಿದರೆ ಸಾಕು, ಓಡುತ್ತ ಓಡುತ್ತ ತಾನೇ ತುಂಬಿಕೊಳ್ಳುತ್ತದೆ, ಕರೆಂಟಿನ ಖರ್ಚಿಲ್ಲ. ಅದರ ಏಜೆನ್ಸಿಗೆ ಮೂರು ಲಕ್ಷ ರೂಪಾಯಿ. "ಕಣ್ಣಾರೆ ನೋಡೇನಿ, ನಮ್ಮ ಓಣಿ ಸುತ್ತ ಹತ್ತು ಸಲ ಹೊಡದು ತೋರಿಸಿದ. ಮ್ಯಾಲ ನಮ್ಮ ಕಡಿಯಾಂವ, ಕನ್ನಡದಾಂವ" ಎಂದರು.

ನಮಗೆ ಅನುಮಾನ ಬಾರದೆ ಇರಲಿಲ್ಲ. ಆದರೆ ತಪ್ಪು ಎಲ್ಲಿದೆಯೆಂದು ಬೊಟ್ಟುಮಾಡಿ ತೋರಿಸಲು ಆಗಲಿಲ್ಲ. ಹಣ ಅವರದು, ವೋಚರಿನ ಮೇಲೆ ಮೊಹರು ಒತ್ತಿದೆವು. ಎರಡು ತಿಂಗಳೊಳಗೆ ಸೈಕಲ್ಲಿನವನು ಊರು ಬಿಟ್ಟಿದ್ದ. ಆ ಹಿರಿಯರ ಅಪ್ಪಣೆ ಪಡೆದೇ ಈ ಸಂಗತಿಯನ್ನು ಹೇಳುತ್ತಿದ್ದೇವೆ. ಅಂದು ಕೌಂಟರಿನಲ್ಲಿ ಕೊಡಬೇಕಾಗಿದ್ದ ಉತ್ತರವನ್ನು ಇಂದು ತಡವಾಗಿ ಕೊಡುತ್ತೇವೆ.

ಮೊದಲು ಶಕ್ತಿಯನ್ನು ಎಣಿಸುವ ನಾಣ್ಯವನ್ನು ತಿಳಿಯೋಣ. ಅದರ ಹೆಸರು ಜೂಲ್. ನೂರು ಗ್ರಾಂ ತೂಕದ ವಸ್ತುವನ್ನು ಒಂದು ಮೀಟರು ಎತ್ತಲು ಸುಮಾರು ಒಂದು ಜೂಲ್ ಬೇಕು. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ಎನ್ನೋಣ. ನಿಂತ ಸೈಕಲ್ಲು ಗಂಟೆಗೆ 18 ಕಿಲೋಮೀಟರು ವೇಗಕ್ಕೆ ಬರುವಾಗ ಅದರಲ್ಲಿ 1000 ಜೂಲ್ ಜಮೆಯಾಗುತ್ತದೆ. ವೇಗವನ್ನು ಇಮ್ಮಡಿ ಮಾಡಿದರೆ ಜಮೆ ಇಮ್ಮಡಿಯಲ್ಲ, ನಾಲ್ಮಡಿ: 4000 ಜೂಲ್. ಆದುದರಿಂದಲೇ ಅದೇ ಬ್ರೇಕು ಅಷ್ಟೇ ಬಿಗಿಯಾಗಿ ಹಿಡಿದರೂ ಸೈಕಲ್ಲು ನಾಲ್ಕು ಪಟ್ಟು ದೂರ ಹೋಗಿ ನಿಲ್ಲುವುದು. ಇಳಿಜಾರಿನಲ್ಲಿ ಹುರುಪಿನಿಂದ ಬಿಡುವ ಮಕ್ಕಳಿಗೆ ಇದನ್ನು ತಪ್ಪದೆ ಹೇಳಿರಿ.

ಇನ್ನು ತಪ್ಪು ತಿಳಿವಳಿಕೆಗಳು. "ಓಡುತ್ತಿರುವುದಕ್ಕೇ ಶಕ್ತಿ ಖರ್ಚಾಗುತ್ತದೆ" ಎಂಬುದು ಮೊದಲನೆಯದು. ಹಾಗಲ್ಲ. ಸಮರಸ್ತೆಯ ಮೇಲೆ ಒಂದೇ ವೇಗದಲ್ಲಿ ಹೋಗುವಾಗ ಆ 1000 ಜೂಲ್ ಠೇವಣಿಯಂತೆ ಹಾಗೆಯೇ ಇರುತ್ತದೆ. ನಾವು ತುಳಿಯುತ್ತಿರುವುದು ಎದುರಿನ ಗಾಳಿಗೂ ಟಯರು ಮತ್ತು ಸರಪಳಿಗಳ ಘರ್ಷಣೆಗೂ ತೆರುವ ಸುಂಕಕ್ಕಾಗಿ. ಸಾಧಾರಣ ಸೈಕಲ್ಲಿನಲ್ಲಿ ಆ ವೇಗಕ್ಕೆ ಈ ಸುಂಕ ಕ್ಷಣಕ್ಕೆ ಸುಮಾರು 75ರಿಂದ 100 ಜೂಲ್, ಎಂದರೆ 75ರಿಂದ 100 ವ್ಯಾಟ್. ಬ್ರೇಕು ಹಾಕಿದರೆ ಠೇವಣಿ ಮಾಯವಾಗುವುದಿಲ್ಲ. ಶಾಖದ ಖಾತೆಗೆ ವರ್ಗವಾಗುತ್ತದೆ. ಕಾತ್ರಜ ಘಾಟವನ್ನು ಬ್ರೇಕು ಹಿಡಿದು ಇಳಿದವರು ರಿಮ್ಮನ್ನು ಮುಟ್ಟಿದರೆ ಆ ಖಾತೆ ಎಲ್ಲಿದೆಯೆಂದು ಬೆರಳೇ ಹೇಳೀತು.

"ಗಿಯರು ಶಕ್ತಿ ಕೊಡುತ್ತದೆ" ಎಂಬುದು ಎರಡನೆಯದು. 80 ಕಿಲೋ ಭಾರವನ್ನು ಹತ್ತು ಮೀಟರು ಎತ್ತರದ ಏರಿಗೆ ಒಯ್ಯಲು ಸುಮಾರು 8000 ಜೂಲ್ ಬೇಕೇ ಬೇಕು. ಯಾವ ಗಿಯರೂ ಇದರಲ್ಲಿ ಒಂದು ಜೂಲನ್ನೂ ಮಾಫಿ ಮಾಡದು. ಹಗುರ ಗಿಯರಿನಲ್ಲಿ ಪ್ರತಿ ತುಳಿತದ ಬಲ ಕಡಿಮೆ, ತುಳಿತಗಳ ಸಂಖ್ಯೆ ಹೆಚ್ಚು. ಸಾಲ ಅಷ್ಟೇ, ಕಂತು ಸಣ್ಣದು. ಕಂತು ಸಣ್ಣದಾದರೆ ಮೊಣಕಾಲು ಉಳಿಯುತ್ತದೆ; ಅದೇನೂ ಸಣ್ಣ ಲಾಭವಲ್ಲ.

"ದಣಿದೆವು, ಆದುದರಿಂದ ಕೆಲಸ ಮಾಡಿದೆವು" ಎಂಬುದು ಮೂರನೆಯದು. ಗೋಡೆಯನ್ನು ಒಂದು ಗಂಟೆ ತಳ್ಳಿದರೆ ಬೆವರು ಸುರಿಯುತ್ತದೆ, ಗೋಡೆ ಮಾತ್ರ ಅಲುಗುವುದಿಲ್ಲ. ಒಳಗೆ ಸ್ನಾಯುಗಳು ಶಕ್ತಿಯನ್ನು ಸುಟ್ಟು ಶಾಖ ಮಾಡಿವೆ. ಗೋಡೆಯ ಖಾತೆಗೆ ಜಮೆ ಸೊನ್ನೆ. ಸೈಕಲ್ಲು ತುಳಿಯುವಾಗಲೂ ಉಂಡ ಶಕ್ತಿಯಲ್ಲಿ ಸುಮಾರು ಕಾಲುಭಾಗವೇ ಪೆಡಲಿಗೆ ಮುಟ್ಟುವುದು. ಒಂದು ಗಂಟೆಯ ಸವಾರಿಗೆ ಸುಮಾರು 300 ಕಿಲೋಕ್ಯಾಲರಿ, ಎಂದರೆ ನೂರು ಗ್ರಾಂಗೆ ತುಸು ಕಡಿಮೆ ಜೋಳದ ಹಿಟ್ಟಿನ ರೊಟ್ಟಿ ಬೇಕು. ಆದರೂ ಅಷ್ಟೇ ದೂರ ನಡೆದರೆ ತಗಲುವ ಖರ್ಚು ಇದಕ್ಕಿಂತ ಬಹಳ ಹೆಚ್ಚು. ಸೈಕಲ್ಲು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಮೈಭಾರವನ್ನು ಸೀಟಿನ ಮೇಲೆ ಹೊತ್ತು ದುಂದುವೆಚ್ಚವನ್ನು ತಪ್ಪಿಸುತ್ತದೆ. ಅದು ಗಳಿಸುವ ಮಗನಲ್ಲ, ಹಿಡಿತದ ಗೃಹಿಣಿ.

"ಡೈನಮೋದ ಬೆಳಕು ಪುಕ್ಕಟೆ" ಎಂಬುದು ನಾಲ್ಕನೆಯದು. ಕಾಕಾ ಅವರ ಮೂರು ಲಕ್ಷ ಹೋದುದು ಇಲ್ಲಿಯೇ. ಹಳೆಯ ಸೈಕಲ್ಲಿನ ಡೈನಮೋ 6 ವೋಲ್ಟು, 3 ವ್ಯಾಟಿನದು. ಅದನ್ನು ಟಯರಿಗೆ ಒತ್ತಿದ ಕೂಡಲೇ ಗುರ್ರೆಂಬ ಸದ್ದಿನೊಡನೆ ಪೆಡಲು ಬಿಗಿಯಾಗುತ್ತಿದ್ದುದು ನಮ್ಮಲ್ಲಿ ಎಷ್ಟೋ ಮಂದಿಗೆ ನೆನಪಿರಬೇಕು. ದೀಪದ ಎಣ್ಣೆ ನಮ್ಮ ರೊಟ್ಟಿಯೇ.

ಈಗ ಆ ಸೈಕಲ್ಲಿನ ಲೆಕ್ಕ ಬರೆಯೋಣ. ಬ್ಯಾಟರಿ 100 ಜೂಲ್ ಕೊಟ್ಟಿತು. ಮೋಟಾರು ತನ್ನ ದಲಾಲಿ ಮುರಿದುಕೊಂಡು 80ನ್ನು ಗಾಲಿಗೆ ದಾಟಿಸಿತು ಎನ್ನೋಣ. ಆ ಎಂಬತ್ತನ್ನೂ ಡೈನಮೋಕ್ಕೇ ಕೊಟ್ಟರೆ, ಅದು ನೂರಕ್ಕೆ ಅರವತ್ತರಂತೆ ಹಿಂತಿರುಗಿಸಿದರೂ ಬ್ಯಾಟರಿಗೆ ಬರುವುದು 48. ನೂರು ಹೋಗಿ ನಲವತ್ತೆಂಟು ಬಂತು. ಸೈಕಲ್ಲು ಇನ್ನೂ ಒಂದಂಗುಲವೂ ಮುಂದೆ ಸಾಗಿಲ್ಲ! ಎಷ್ಟೇ ಒಳ್ಳೆಯ ಯಂತ್ರ ತಂದರೂ ದಲಾಲಿ ಕಡಿಮೆಯಾದೀತೇ ವಿನಾ ಅಸಲು ಬೆಳೆಯದು. ಓಣಿ ಸುತ್ತಿ ತೋರಿಸಿದನಲ್ಲ ಎನ್ನುವಿರಾ? ಸುತ್ತಿದ್ದು ನಿಜ. ಹಿಂದಿನ ರಾತ್ರಿ ಗೋಡೆಯ ಪ್ಲಗ್ಗಿನಿಂದ ತುಂಬಿದ ಜಮೆ ಹತ್ತು ಸುತ್ತಿಗೆ ಧಾರಾಳವಾಗಿ ಸಾಕು. ಈಗಿನ ವಿದ್ಯುತ್ ವಾಹನಗಳಲ್ಲಿ ಬ್ರೇಕು ಹಿಡಿದಾಗ ಬ್ಯಾಟರಿಗೆ ಕೊಂಚ ಶಕ್ತಿ ಮರಳುವುದುಂಟು. ಅದು ಮೊದಲು ಕೊಟ್ಟುದರಲ್ಲಿ ಒಂದು ಪಾಲು, ಹೊಸ ಗಳಿಕೆಯಲ್ಲ.

ಈ ಆಸೆ ಇಂದಿನದಲ್ಲ. 1150ರ ಸುಮಾರಿಗೆ ಭಾಸ್ಕರಾಚಾರ್ಯರಂಥ ಮಹಾಗಣಿತಜ್ಞರೇ 'ಸಿದ್ಧಾಂತ ಶಿರೋಮಣಿ'ಯಲ್ಲಿ ಪಾದರಸ ತುಂಬಿದ, ತಾನಾಗಿ ತಿರುಗುವ ಚಕ್ರವೊಂದನ್ನು ವರ್ಣಿಸಿದ್ದಾರೆ. ಇಂಥ ಯಂತ್ರಗಳ ಅರ್ಜಿಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು 1775ರಲ್ಲಿ ಠರಾವು ಮಾಡಿತು. 1840ರ ದಶಕದಲ್ಲಿ ಇಂಗ್ಲೆಂಡಿನ ಜೂಲ್ ಎಂಬವರು, ಇಳಿಯುವ ತೂಕದ ಬಲದಿಂದ ನೀರನ್ನು ಕಡೆದು, ಹುಟ್ಟಿದ ಶಾಖವನ್ನು ಅಳೆದು, ಶಕ್ತಿಯ ಎರಡು ಪಕ್ಕಗಳೂ ತಾಳೆಯಾಗುತ್ತವೆಂದು ತೋರಿಸಿಕೊಟ್ಟರು. ಅವರು ಮದ್ಯ ತಯಾರಿಸುವ ಮನೆತನದವರು, ಕಾಲೇಜಿನ ಪ್ರಾಧ್ಯಾಪಕರಲ್ಲ.

ಬಂಧುಗಳೇ, ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಸಂತೆಯಲ್ಲೊಂದು ಕನ್ನಡದ ಮಾತು ಕಿವಿಗೆ ಬಿದ್ದರೆ ಕರುಳು ಹಿಗ್ಗುತ್ತದೆ. ಹಿಗ್ಗಲಿ. ಆದರೆ ಮಾತು ಕನ್ನಡದ್ದಾದ ಮಾತ್ರಕ್ಕೆ ಲೆಕ್ಕ ಸರಿಯೆಂದು ತಿಳಿಯಬಾರದು. ಕಾಕಾ ಅವರಿಗೆ ಮೋಸವನ್ನು ಹೇಳಿದವನು ಅಚ್ಚಗನ್ನಡದಲ್ಲಿ ಹೇಳಿದ. ನಿಜವನ್ನು ಹೇಳಬೇಕಾಗಿದ್ದ ನಮಗೆ ಕನ್ನಡದಲ್ಲಿ ನಾಲ್ಕು ಮಾತು ಒದಗಲಿಲ್ಲ. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ಹಾಡು, ಕಥೆಗಳ ಜೊತೆಗೆ ತಿಂಗಳಿಗೊಂದು ವಿಜ್ಞಾನಪಾಠವೂ ನಡೆಯಲಿ ಎಂದು ಅಧ್ಯಕ್ಷರಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ. ಮೊದಲ ಪಾಠಕ್ಕೆ ನಮ್ಮ ಸೈಕಲ್ಲನ್ನು ನಾವೇ ತರುತ್ತೇವೆ. ಬಂದು ಕೇಳುವುದಾಗಿ ಕಾಕಾ ಒಪ್ಪಿದ್ದಾರೆ.

ಯಾರಾದರೂ ಪುಕ್ಕಟೆ ಶಕ್ತಿಯನ್ನು ಮಾರಲು ನಿಮ್ಮ ಬಾಗಿಲಿಗೆ ಬಂದರೆ ಒಂದೇ ಪ್ರಶ್ನೆ ಕೇಳಿರಿ: "ಖರ್ಚು ಕಂಡಿತು, ಜಮೆ ಎಲ್ಲಿಂದ?"