ಗುರಿಗೊಂದು ಬಯಲು

ಬಂದೂಕಿನ ಗುರಿಯಾಟವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಬಂದೂಕಿನಿಂದಲೇ ಮೊದಲುಮಾಡುವರು. ಅದರ ನಳಿಗೆ, ಅದರ ಕುದುರೆ, ಹೊಡೆಯುವವನ ಕಣ್ಣು, ಕೈ, ಉಸಿರು ಇವುಗಳ ವಿಚಾರವಾಗಿ ಬೇಕಾದಷ್ಟು ಹೇಳುವರು. ನಾವು ಈ ಹೊತ್ತು ಬಂದೂಕನ್ನು ಗೋಡೆಗೆ ಒರಗಿಸಿಟ್ಟು ನೆಲದ ವಿಚಾರವನ್ನು ಎತ್ತಿಕೊಂಡಿದ್ದೇವೆ. ಬೇಟೆಯ ಮಾತು ಇಲ್ಲಿಲ್ಲ. ಯುದ್ಧದ ಮಾತೂ ಇಲ್ಲ. ಕಾಗದದ ಮೇಲೆ ಬರೆದ ಕರಿಯ ವೃತ್ತಕ್ಕೆ ವಿನೋದಾರ್ಥವಾಗಿ ಗುರಿಯಿಡಬಯಸುವ ನಾಗರಿಕನು ಎಲ್ಲಿ ನಿಂತು ಹೊಡೆಯಬೇಕು ಎಂಬುದೇ ನಮ್ಮ ಪ್ರಶ್ನೆ.

ಚೆಂಡಾಟದ ಬಯಲಿಗೆ ಒಂದು ಎಲ್ಲೆಯುಂಟು. ಚೆಂಡು ಎಲ್ಲೆಯನ್ನು ದಾಟಿದರೆ ಹೆಚ್ಚೆಂದರೆ ನೆರೆಮನೆಯ ಕಿಟಕಿಯ ಗಾಜು ಒಡೆದೀತು. ಗುಂಡಿನ ಸ್ವಭಾವವೇ ಬೇರೆ. ಗುರಿಯಾಟದಲ್ಲಿ ಬಳಸುವ ಅತಿ ಸಣ್ಣ ತೋಟಾದ ರೈಫಲಿಗೆ ಗುರಿಯನ್ನು ೫೦ ಮೀಟರ್ ದೂರದಲ್ಲಿ ನಿಲ್ಲಿಸುವರು. ಆದರೆ ಅದೇ ರೈಫಲಿನ ಮೂತಿ ಸ್ವಲ್ಪ ಮೇಲೆದ್ದಿತೆಂದರೆ ಆ ಗುಂಡು ಒಂದು ಮೈಲಿಯನ್ನು ಮೀರಿ ಹೋಗಬಲ್ಲುದು. ಆದುದರಿಂದ ಐವತ್ತು ಮೀಟರ್ ನೆಲ ದೊರೆತ ಮಾತ್ರಕ್ಕೆ ಗುರಿಯ ಬಯಲು ದೊರೆತಂತಾಗಲಿಲ್ಲ. ಗುರಿಯ ಮುಂದಿನ ನೆಲವನ್ನು ಯಾರಾದರೂ ಅಳೆದುಕೊಟ್ಟಾರು; ಗುರಿಯ ಹಿಂದೆ ಏನಿದೆ ಎಂಬುದೇ ಕಷ್ಟದ ಲೆಕ್ಕ. ಹಿಂದೆ ಎತ್ತರವಾದ ಮಣ್ಣಿನ ದಿಣ್ಣೆ ಇರಬೇಕು. ಆ ಮಣ್ಣಿನಲ್ಲಿ ಕಲ್ಲಿರಕೂಡದು. ಕಲ್ಲಿಗೆ ತಗುಲಿದ ಗುಂಡು ಯಾವ ದಿಕ್ಕಿಗೆ ಚಿಮ್ಮುವುದೋ ಹೇಳಲಾಗದು. ಇಕ್ಕೆಲಗಳಲ್ಲಿ ಗೋಡೆ, ನೆಲ ಸಾಲದ ಕಡೆ ತಲೆಯ ಮೇಲೆ ಅಡ್ಡಹಲಗೆಗಳು ಬೇಕಾಗುವುವು. ಸೂರ್ಯನು ಕಣ್ಣಿಗೆ ಹೊಡೆಯದಂತೆ ನಮ್ಮ ಉತ್ತರಾರ್ಧ ಗೋಳದಲ್ಲಿ ಆದಷ್ಟು ಮಟ್ಟಿಗೆ ಉತ್ತರದ ಕಡೆಗೆ ಗುರಿಯಿಡುವುದು ವಾಡಿಕೆ. ಅಂದಮೇಲೆ ಉತ್ತರಕ್ಕೆ ಗುಡ್ಡವಿದ್ದು, ಗುಡ್ಡದಾಚೆ ಊರಿಲ್ಲದೆ, ದಾರಿಯಿಲ್ಲದೆ, ದನ ಮೇಯಿಸುವವರ ಸುಳಿವಿಲ್ಲದೆ ಇರುವ ನೆಲ ಬೇಕು. ಇಂತಹ ನೆಲ ಪಟ್ಟಣದ ಹತ್ತಿರ ಇದ್ದರೆ ಗುರಿಗಾರರಿಗಿಂತ ಮೊದಲೇ ಮನೆ ಕಟ್ಟುವವರು ಅದನ್ನು ಕಂಡಿರುತ್ತಾರೆ.

ಈ ಕಷ್ಟವು ಹೇಗೆ ಬಂದೊದಗುವುದೆಂಬುದನ್ನು ತಿಳಿಯಲು ಲಂಡನ್ ಪಟ್ಟಣದ ಕಥೆಯಷ್ಟು ಉಪಯುಕ್ತವಾದುದು ಬೇರೊಂದಿಲ್ಲ. ಫ್ರೆಂಚರು ದಂಡೆತ್ತಿ ಬಂದಾರೆಂಬ ಭೀತಿಯಿಂದ ೧೮೫೯ರಲ್ಲಿ ಇಂಗ್ಲೆಂಡಿನ ನಾಗರಿಕರು ಸ್ವಯಂಸೇವಕ ಪಡೆಗಳನ್ನು ಕಟ್ಟಿಕೊಂಡರು. ಅವರಿಗೆ ಗುರಿಯನ್ನು ಕಲಿಸುವುದಕ್ಕಾಗಿ ರಾಷ್ಟ್ರೀಯ ರೈಫಲ್ ಸಂಘವು ಹುಟ್ಟಿತು. ಪಟ್ಟಣದ ನೈಋತ್ಯಕ್ಕಿದ್ದ ವಿಂಬಲ್ಡನ್ ಎಂಬಲ್ಲಿ ಎಲ್ಲರಿಗೂ ಸೇರಿದ ದೊಡ್ಡ ಗೋಮಾಳವಿತ್ತು. ೧೮೬೦ನೆಯ ಜುಲೈ ೨ರಂದು ವಿಕ್ಟೋರಿಯಾ ರಾಣಿಯವರೇ ಅಲ್ಲಿ ಮೊದಲ ಗುಂಡನ್ನು ಹಾರಿಸಿದರು. ಗುರಿಯಿದ್ದುದು ೪೦೦ ಗಜ ದೂರದಲ್ಲಿ. ಗುಂಡು ನಡುಬಿಂದುವಿನಿಂದ ಸುಮಾರು ಒಂದೂಕಾಲು ಅಂಗುಲದಷ್ಟು ಮಾತ್ರ ಸರಿದು ತಗುಲಿತು. ರೈಫಲನ್ನು ಮೊದಲೇ ಗುರಿಗೆ ಹೊಂದಿಸಿ ಆಧಾರಕ್ಕೆ ಬಿಗಿದಿದ್ದರು. ರಾಣಿಯವರು ದಾರವನ್ನು ಎಳೆದರು, ಅಷ್ಟೆ. ಅಂದಿನ ಕೀರ್ತಿಯಲ್ಲಿ ಅರ್ಧವಾದರೂ ಆ ಆಧಾರವನ್ನು ಕಟ್ಟಿದ ಕೆಲಸಗಾರನಿಗೆ ಸಲ್ಲಬೇಕೆಂದು ನಮಗೆ ತೋರುತ್ತದೆ.

ಅಲ್ಲಿಂದ ಮುಂದೆ ಬೇಸಗೆ ಬೇಸಗೆಗೂ ಆ ಬಯಲಿನಲ್ಲಿ ಡೇರೆಗಳು ಎದ್ದುವು, ಜಾತ್ರೆಯಂತೆ ಜನ ನೆರೆಯಿತು. ಆದರೆ ಲಂಡನ್ ಪಟ್ಟಣ ಸುಮ್ಮನೆ ಕುಳಿತಿರಲಿಲ್ಲ. ರೈಲುದಾರಿಗಳು ಬಂದುವು, ಅವುಗಳ ಹಿಂದೆಯೇ ಮನೆಗಳು ಬಂದುವು. ೧೮೬೪ರಲ್ಲಿ ಅರ್ಲ್ ಸ್ಪೆನ್ಸರ್ ಎಂಬ ಭೂಮಾಲಿಕರು ಆ ಗೋಮಾಳಕ್ಕೆ ಬೇಲಿ ಹಾಕಿಸಬೇಕೆಂದು ಹವಣಿಸಿದಾಗ ನೆರೆಹೊರೆಯವರು ಹೋರಾಡಿ ತಡೆದರು; ೧೮೭೧ರ ಶಾಸನದಿಂದ ಬಯಲು ಸಾರ್ವಜನಿಕರಿಗೆ ಉಳಿಯಿತು. ಬಯಲು ಉಳಿಯಿತಾದರೂ ಗುರಿಯಾಟ ಉಳಿಯಲಿಲ್ಲ. ಸುತ್ತಲೂ ಮನೆಗಳು ಹೆಚ್ಚಿದಂತೆಲ್ಲ ಗುಂಡಿನ ಹಿಂದಿನ ನೆಲ ಕಡಿಮೆಯಾಗುತ್ತ ಬಂದಿತು. ೧೮೮೯ರಲ್ಲಿ ಸಂಘದವರು ಅಲ್ಲಿನ ಕಡೆಯ ಕೂಟವನ್ನು ಮುಗಿಸಿದರು.

ಅವರು ಆಗ ಮಾಡಿದ ಕೆಲಸವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಪಟ್ಟಣದ ಅಂಚಿಗೆ ಸರಿದು ಮತ್ತೆ ಇಪ್ಪತ್ತು ವರ್ಷಕ್ಕೆ ಗಂಟು ಕಟ್ಟುವ ಬದಲು, ಸುಮಾರು ಮೂವತ್ತು ಮೈಲಿ ದೂರದ ಬಿಸ್ಲಿ ಎಂಬ ಪೊದೆಗಾಡಿಗೆ ೧೮೯೦ರಲ್ಲಿ ಹೋದರು. ವಿಂಬಲ್ಡನ್ನಿನಲ್ಲಿದ್ದ ಕೆಲವು ಕಟ್ಟಡಗಳನ್ನು ಬಿಚ್ಚಿ ಹೊತ್ತುಕೊಂಡೇ ಹೋದರು. ಹತ್ತಿರದ ರೈಲುನಿಲ್ದಾಣದಿಂದ ಬಯಲಿನವರೆಗೆ ಒಂದು ಚಿಕ್ಕ ಕವಲುದಾರಿಯನ್ನೂ ಹಾಕಿಸಿದರು. ಸುತ್ತಣ ನೆಲದಲ್ಲಿ ಬಹುಭಾಗ ಸೈನ್ಯದ ಅಭ್ಯಾಸಕ್ಕೆ ಮೀಸಲಾಗಿದ್ದುದರಿಂದ ಮನೆಗಳು ಬೆನ್ನಟ್ಟಿ ಬರಲಿಲ್ಲ. ೧೯೦೮ರ ಒಲಿಂಪಿಕ್ ಪಂದ್ಯಗಳು ಅಲ್ಲಿ ನಡೆದುವು, ೨೦೦೨ರ ಕಾಮನ್‌ವೆಲ್ತ್ ಪಂದ್ಯಗಳೂ ನಡೆದುವು. ೧೨೦೦ ಗಜದವರೆಗೆ ಹೊಡೆಯುವ ಬಯಲು ಇಂದಿಗೂ ಅಲ್ಲುಂಟು.

ಹಾಗೆ ದೂರಾಲೋಚನೆ ಮಾಡದ ಕಡೆ ಏನಾಯಿತು? ಅದೇ ೧೯೦೮ರಲ್ಲಿ ಹಾರುವ ಮಣ್ಣಿನ ಬಿಲ್ಲೆಗಳನ್ನು ಹೊಡೆಯುವ ಪಂದ್ಯವು ಲಂಡನ್ನಿನ ವಾಯವ್ಯಕ್ಕೆ ಅಕ್ಸೆಂಡನ್ ಎಂಬ ಹೊಲದಲ್ಲಿ ನಡೆಯಿತು. ಅಲ್ಲಿಗೆ ಬರುವವರಿಗಾಗಿ ಪ್ರೆಸ್ಟನ್ ರೋಡ್ ಎಂಬ ಒಂದು ಸಣ್ಣ ರೈಲುತಂಗುದಾಣವನ್ನು ತೆರೆದರು. ತಂಗುದಾಣವು ಇಂದು ಪಟ್ಟಣದ ದೊಡ್ಡ ಬಡಾವಣೆಗೆ ನಿಲ್ದಾಣವಾಗಿದೆ. ಗುರಿಯ ಹೊಲವಿದ್ದೆಡೆ ಮನೆಗಳಿವೆ. ಕಲ್ಕತ್ತೆಯ ಬಾಲಿಗಂಜಿನಲ್ಲಿ ರೈಫಲ್ ರೇಂಜ್ ರಸ್ತೆಯೆಂದು ಒಂದು ಬೀದಿಗೆ ಹೆಸರು. ಪಿನಾಂಗ್ ದ್ವೀಪದಲ್ಲಿ ಅದೇ ಹೆಸರಿನ ದೊಡ್ಡ ವಸತಿಗೃಹಗಳ ಸಮೂಹವಿದೆ. ಬಯಲು ಹೋದರೂ ಹೆಸರು ಮಾತ್ರ ಅಂಚೆಯ ವಿಳಾಸವಾಗಿ ಉಳಿದುಕೊಂಡಿತು.

"ಮೊದಲು ಬಂದವರು ನಾವು, ಆಮೇಲೆ ಬಂದು ಮನೆ ಕಟ್ಟಿದವರು ಸಹಿಸಿಕೊಳ್ಳಲಿ" ಎನ್ನುವ ಗುರಿಗಾರರು ಎಲ್ಲ ದೇಶಗಳಲ್ಲಿಯೂ ಉಂಟು. ನಾವು ಈ ವಾದವನ್ನು ಒಪ್ಪಲಾರೆವು. ಗುಂಡು ಖಾತೆ ಪಹಣಿಗಳನ್ನು ಓದಿಕೊಂಡು ಹಾರುವುದಿಲ್ಲ. ಅಂಗಳದಲ್ಲಿ ಆಡುವ ಮಗುವಿಗೆ ನಮ್ಮ ಹಕ್ಕಿನ ಪ್ರಾಚೀನತೆಯನ್ನು ಹೇಳಿ ಪ್ರಯೋಜನವೇನು? ಮನೆ ಬಂದಮೇಲೆ ಬಯಲು ಸರಿಯಲೇಬೇಕು. ಆದರೆ ಊರಿನ ನಕ್ಷೆಯನ್ನು ಬರೆಯುವವರು ಕೆರೆಗೆ, ಸ್ಮಶಾನಕ್ಕೆ, ಸಂತೆಗೆ ಗೆರೆ ಎಳೆಯುವಾಗಲೇ ಇದಕ್ಕೂ ಒಂದು ಗೆರೆ ಎಳೆದಿದ್ದರೆ ಸರಿಯುವ ಪ್ರಸಂಗವೇ ಬರುತ್ತಿರಲಿಲ್ಲವೆಂಬುದೂ ನಿಜ.

ನಮ್ಮ ನಾಡಿನಲ್ಲಿ ಈ ಆಟಕ್ಕೆ ಸಹಜವಾದ ಮನೆಯೆಂದರೆ ಕೊಡಗು. ನಾಟಿಯ ಕೆಲಸ ಮುಗಿದಮೇಲೆ ಬರುವ ಕೈಲ್ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ನಡೆಸುವರು. ಕೊಡವರಿಗೆ ಆಯುಧದ ನಿರ್ಬಂಧದಿಂದ ೧೮೬೧ರಲ್ಲಿಯೇ ವಿನಾಯಿತಿ ದೊರೆಯಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಆದರೆ ಶಾಸನವು ಬಂದೂಕನ್ನು ಕೊಟ್ಟೀತು, ಗುಡ್ಡವನ್ನು ಕೊಡಲಾರದು. ಮಲೆನಾಡಿನ ಇಳಿಜಾರೇ ಅಲ್ಲಿ ದಿಣ್ಣೆಯ ಕೆಲಸವನ್ನು ಮಾಡಬಲ್ಲುದು. ಬೆಂಗಳೂರಿನವನಿಗೆ ಆ ಇಳಿಜಾರನ್ನು ಯಾರು ತಂದುಕೊಡಬೇಕು?

ಪಟ್ಟಣದವನಿಗೆ ಉಳಿದಿರುವ ದಾರಿ ಗಾಳಿಬಂದೂಕಿನದು. ಮದ್ದಿಲ್ಲದೆ, ಒತ್ತಿದ ಗಾಳಿಯಿಂದ ನಾಲ್ಕೂವರೆ ಮಿಲಿಮೀಟರ್ ಸೀಸದ ಗುಂಡನ್ನು ಹಾರಿಸುವ ಈ ಆಟ ೧೯೮೪ರಿಂದ ಒಲಿಂಪಿಕ್ ಪಂದ್ಯಗಳಲ್ಲಿ ಸೇರಿದೆ. ದೂರ ೧೦ ಮೀಟರ್ ಮಾತ್ರ. ಇದನ್ನು ಮಕ್ಕಳಾಟವೆಂದು ತಿಳಿಯಬೇಡಿರಿ: ರೈಫಲಿನ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರು, ರಾಗಿಯ ಕಾಳಿಗಿಂತಲೂ ಚಿಕ್ಕದು. ೨೦೦೮ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅವರು ಭಾರತಕ್ಕೆ ಮೊದಲ ವೈಯಕ್ತಿಕ ಸ್ವರ್ಣಪದಕವನ್ನು ತಂದುದು ಈ ಹತ್ತು ಮೀಟರಿನಲ್ಲಿಯೇ. ೨೦೨೪ರಲ್ಲಿ ಮನು ಭಾಕರ್ ಅವರು ಒಂದೇ ಒಲಿಂಪಿಕ್ಕಿನಲ್ಲಿ ಎರಡು ಕಂಚಿನ ಪದಕಗಳನ್ನು ಗಳಿಸಿದುದೂ ಈ ದೂರದಲ್ಲಿಯೇ. ಆ ಪಂದ್ಯಗಳಿಗೆ ಪ್ಯಾರಿಸ್ ಪಟ್ಟಣದವರು ೨೫೦ ಕಿಲೋಮೀಟರಿಗೂ ಹೆಚ್ಚು ದೂರದ ಶಾಟೊರೂ ಎಂಬ ಊರಿನ ಬಯಲನ್ನು ನಂಬಬೇಕಾಯಿತು!

ಬಿಂದ್ರಾ ಅವರಿಗೆ ತಂದೆಯವರು ಮನೆಯಲ್ಲಿಯೇ ಅಭ್ಯಾಸಸ್ಥಾನವನ್ನು ಕಟ್ಟಿಸಿಕೊಟ್ಟಿದ್ದರು. ಆ ಭಾಗ್ಯ ಎಷ್ಟು ಮಂದಿಗೆ? ಬಾಡಿಗೆಯ ಎರಡು ಕೋಣೆಗಳಲ್ಲಿ ಬೆಳೆಯುವ ಹುಡುಗಿಗೂ ಸ್ಥಿರವಾದ ಕಣ್ಣಿರಬಹುದು. ಅವಳಿಗೆ ಬೇಕಾದುದು ಹದಿನೈದು ಹದಿನೆಂಟು ಮೀಟರ್ ಉದ್ದದ ಒಂದು ಕೊಠಡಿ. ನಮ್ಮ ಪಾಠಶಾಲೆಗಳಲ್ಲಿ, ಸಂಘಗಳಲ್ಲಿ ಸಂಜೆಯ ಹೊತ್ತು ಬೀಗ ಹಾಕಿದ ಅಂತಹ ಕೊಠಡಿಗಳು ಎಷ್ಟಿಲ್ಲ! ಬೀಗದಕೈ ಇರುವವರೊಡನೆ ಮಾತನಾಡುವ ಧೈರ್ಯವಿದ್ದರೆ ಬಯಲನ್ನು ಅರಸುವ ಶ್ರಮದಲ್ಲಿ ಅರ್ಧ ಉಳಿಯುವುದು. ಗುರಿಯ ಹಿಂದೆ ಗುಂಡನ್ನು ಹಿಡಿಯುವ ಉಕ್ಕಿನ ತಟ್ಟೆಗಳನ್ನು ನಿಲ್ಲಿಸಬೇಕು. ಸೀಸದ ಧೂಳೇಳದಂತೆ ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಆಟ ಮುಗಿದಮೇಲೆ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಗುರಿಯ ಪಕ್ಕದಲ್ಲಿ ಬಾಗಿಲೇನಾದರೂ ಇದ್ದರೆ, ಅದರ ಅಗಳಿ ಒಳಗಡೆಯೇ ಇರಬೇಕು, ಹೊಡೆಯುವಷ್ಟು ಹೊತ್ತೂ ಹಾಕಿರಬೇಕು.